ಮಾತು, ಹೆಜ್ಜೆ, ಆಮೇಲೆ ಕೈ: ಅನುಭವಿ ಶಿಕ್ಷಕರಿಂದ ಆತ್ಮರಕ್ಷಣೆ ಕಲಿಯುವ ಸಮಗ್ರ ಮಾರ್ಗದರ್ಶಿ

ಆತ್ಮರಕ್ಷಣೆಯ ತರಗತಿಗೆ ಸೇರಿದವರಲ್ಲಿ ಹಲವರು ಒಂದೇ ಜಾಗದಲ್ಲಿ ಎಡವುತ್ತಾರೆ. ತಿಂಗಳುಗಟ್ಟಲೆ ಪ್ಯಾಡ್‌ಗೆ ಗುದ್ದಿದವರ ಕೈಯಲ್ಲಿ ಬಲವಿರುತ್ತದೆ, ಆದರೆ ಯಾರಾದರೂ ಎದುರು ನಿಂತು ಬೈಯಲು ತೊಡಗಿದರೆ ಬಾಯಿ ಕಟ್ಟಿಹೋಗುತ್ತದೆ. ಮಾತಿನಿಂದ ಜಗಳ ತಣಿಸುವ ಕಾರ್ಯಾಗಾರಕ್ಕೆ ಹೋಗಿ ಬಂದವರು ಸೊಗಸಾಗಿ ಮಾತನಾಡುತ್ತಾರೆ, ಆದರೆ ಎದುರಿನವನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ ಮೇಲೂ ಮಾತನಾಡುತ್ತಲೇ ಇರುತ್ತಾರೆ. ಇಬ್ಬರೂ ಸೋಲುವುದು ಮಾತಿನಿಂದ ಹೆಜ್ಜೆಗೆ, ಹೆಜ್ಜೆಯಿಂದ ಕೈಗೆ ದಾಟಬೇಕಾದ ಆ ಒಂದೆರಡು ಸೆಕೆಂಡುಗಳಲ್ಲಿ.

ಕಾರಣ ಕಲಿಕೆಯ ಕ್ರಮದಲ್ಲಿದೆ. ಹೆಚ್ಚಿನವರು ಪೆಟ್ಟಿನಿಂದ ಶುರುಮಾಡಿ, ಮಾತನ್ನು ಬಿಡುವಿದ್ದಾಗ ನೋಡಿಕೊಳ್ಳೋಣ ಎಂದು ಬದಿಗಿಡುತ್ತಾರೆ. ಇಲ್ಲಿ ಪೆಟ್ಟು ಬರುವುದು ಆರನೆಯ ಹಂತದಲ್ಲಿ. ನೇರವಾಗಿ ಅಲ್ಲಿಗೇ ಹೋಗೋಣ ಎನಿಸಿದರೆ, ಎಡವುವವರ ಸಾಲಿನಲ್ಲಿ ನಿಮಗೂ ಒಂದು ಜಾಗ ಕಾದಿದೆ.

ಇದು ಓದಿ ಕಲಿಯುವ ವಿದ್ಯೆಯಲ್ಲ. ಯಾರ ಬಳಿ ಕಲಿಯಬೇಕು, ಯಾವುದರ ನಂತರ ಯಾವುದು, ಶಿಕ್ಷಕರಿಂದ ಏನನ್ನು ಕೇಳಿ ಪಡೆಯಬೇಕು ಎಂಬುದಷ್ಟೇ ಇಲ್ಲಿ ಸಿಗುತ್ತದೆ.

## ಸೇರುವ ಮೊದಲು ಹೊಂದಿಸಿಕೊಳ್ಳಬೇಕಾದವು

ಸಾಮಾನಿನ ಪಟ್ಟಿ ಚಿಕ್ಕದು. ಹಲ್ಲಿಗೆ ಸರಿಯಾಗಿ ಕೂರುವ ಮೌತ್‌ಗಾರ್ಡ್, ಗಂಡಸರಿಗೆ ತೊಡೆಸಂದಿಯನ್ನು ಕಾಪಾಡುವ ಗಟ್ಟಿ ಕಪ್, ಒಂದು ನೋಟ್‌ಬುಕ್. ಇವುಗಳ ಜೊತೆಗೆ, ನೀವು ನಿತ್ಯ ಹೊರಗೆ ಹೋಗುವಾಗ ಹಾಕುವಂಥ ಹಳೆಯ ಬಟ್ಟೆ, ಚಪ್ಪಲಿ ಅಥವಾ ಶೂ, ಹೆಗಲಿಗೆ ಹಾಕುವ ಚೀಲ. ಕೊನೆಯವನ್ನು ಯಾರೂ ತರುವುದಿಲ್ಲ, ಆದರೆ ಅವು ತುಂಬಾ ಮುಖ್ಯ. ಬರಿಗಾಲಲ್ಲಿ ಮ್ಯಾಟ್ ಮೇಲೆ ಸಲೀಸಾಗಿ ಬರುವ ಹೆಜ್ಜೆ, ಹೆಗಲಲ್ಲಿ ಚೀಲ ಮತ್ತು ಕಾಲಲ್ಲಿ ಜಾರುವ ಚಪ್ಪಲಿ ಇದ್ದಾಗ ಬರುವುದಿಲ್ಲ. ಗ್ಲೌಸ್, ಪ್ಯಾಡ್, ಹೆಲ್ಮೆಟ್ ಸಾಮಾನ್ಯವಾಗಿ ತರಗತಿಯಲ್ಲೇ ಇರುತ್ತವೆ; ಮೊದಲ ದಿನವೇ ಕೊಳ್ಳುವ ಅಗತ್ಯವಿಲ್ಲ.

ಉಗುರು ಕತ್ತರಿಸಿ, ಉಂಗುರ, ಓಲೆ, ಸರ ತೆಗೆದಿಡಿ. ಕುತ್ತಿಗೆ, ಬೆನ್ನು, ಮಂಡಿ ಅಥವಾ ಹೃದಯದ ತೊಂದರೆ, ಗರ್ಭಧಾರಣೆ, ಹಿಂದೆ ತಲೆಗೆ ಬಿದ್ದ ಪೆಟ್ಟು, ರಕ್ತ ತೆಳುವಾಗಿಸುವ ಔಷಧ, ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳಿ, ಶಿಕ್ಷಕರಿಗೂ ತಿಳಿಸಿ.

## ಹಂತ 1: ಯಾವ ಅಪಾಯಕ್ಕೆ ಕಲಿಯುತ್ತಿದ್ದೀರಿ ಎಂದು ಬರೆದುಕೊಳ್ಳಿ

ನೋಟ್‌ಬುಕ್ಕಿನ ಮೊದಲ ಪುಟ ಇದಕ್ಕೇ ಮೀಸಲು. ನಿಮ್ಮ ಬದುಕಿನಲ್ಲಿ ನಿಜವಾಗಿ ಎದುರಾಗಬಹುದಾದ ಮೂರು ಸನ್ನಿವೇಶಗಳನ್ನು ಬರೆಯಿರಿ. ಎಲ್ಲಿ, ಯಾವ ಹೊತ್ತಿನಲ್ಲಿ, ಯಾರು, ಏನು ಬೇಕಾಗಿ? ಕತ್ತಲ ಓಣಿಯಲ್ಲಿ ಅಪರಿಚಿತನೊಬ್ಬ ಚಾಕು ಹಿಡಿದು ಬರುವ ಚಿತ್ರವನ್ನೇ ಎಲ್ಲರೂ ಮೊದಲು ಬರೆಯುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನ ಸುಮಾರು 30 ಪ್ರತಿಶತ ಮಹಿಳೆಯರು ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ, ಅದರಲ್ಲಿ ಬಹುಪಾಲು ಸಂಗಾತಿಯಿಂದಲೇ ಆದದ್ದು. ಗುರುತಿರುವವರ ವಿರುದ್ಧ ನಿಲ್ಲುವುದಕ್ಕೆ ಬೇಕಾದ ಮಾತೂ ಬೇರೆ, ಮನಸ್ಸೂ ಬೇರೆ.

ಬರೆದ ಮೂರನ್ನು ಎರಡು ಗುಂಪಾಗಿ ವಿಂಗಡಿಸಿ. ಒಂದು, ಸಿಟ್ಟಿನ ಜಗಳ: ವಾಹನ ತಾಗಿದ್ದು, ಸರದಿ ತಪ್ಪಿಸಿದ್ದು, ಕಚೇರಿಯ ಕೌಂಟರಿನಲ್ಲಿ ಕೆಲಸವಾಗದೆ ರೇಗಿದವರು, ಕುಡಿದವರು. ಇಲ್ಲಿ ಎದುರಿನವರಿಗೆ ಬೇಕಿರುವುದು ಮರ್ಯಾದೆ ಅಥವಾ ನ್ಯಾಯ. ಎರಡು, ಬೇಟೆ: ದರೋಡೆ, ಲೈಂಗಿಕ ದಾಳಿ, ಬೆನ್ನುಹತ್ತಿ ಬರುವವರು. ಇಲ್ಲಿ ಬೇಕಿರುವುದು ನಿಮ್ಮ ಹಣ, ನಿಮ್ಮ ದೇಹ ಅಥವಾ ನಿಮ್ಮ ಮೇಲಿನ ಹಿಡಿತ. ಮೊದಲ ಗುಂಪಿಗೆ ತಣ್ಣನೆಯ ಮಾತು ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಅದೇ ತಣ್ಣನೆಯ ಮಾತು, ನೀವು ಸುಲಭದ ತುತ್ತು ಎಂದು ತೋರಿಸಿಕೊಟ್ಟಂತೆ. ಈ ವಿಂಗಡಣೆ ಆಗದೆ ಮುಂದಿನ ಯಾವ ಹಂತವೂ ಸರಿಯಾಗಿ ಕೂರುವುದಿಲ್ಲ.

## ಹಂತ 2: ಶಿಕ್ಷಕರನ್ನು ಆರಿಸಿ

ಇಲ್ಲಿ ತಪ್ಪಿದರೆ ಆಮೇಲಿನ ಶ್ರಮವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಆತುರ ಬೇಡ.

ಮೊದಲು ಶೈಲಿಯ ಹೆಸರಿನ ಮೋಹ ಬಿಡಿ. ಬಾಕ್ಸಿಂಗ್, ಮುವಾಯ್ ಥಾಯ್, ಜೂಡೋ, ಬ್ರೆಜಿಲಿಯನ್ ಜಿಯು-ಜಿತ್ಸು, ಕುಸ್ತಿ ಇವುಗಳ ದೊಡ್ಡ ಗುಣವೆಂದರೆ, ಅಭ್ಯಾಸದ ಜೊತೆಗಾರ ನಿಜವಾಗಿ ವಿರೋಧಿಸುತ್ತಾನೆ. ನೀವು ಮಾಡಿದ್ದು ಕೆಲಸ ಮಾಡಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅವುಗಳ ಕೊರತೆಯೆಂದರೆ ಜಗಳಕ್ಕೆ ಮೊದಲಿನ ಮಾತು, ತಪ್ಪಿಸಿಕೊಳ್ಳುವಿಕೆ, ಎರಡನೆಯ ದಾಳಿಕೋರ, ಆಯುಧ, ಇವೆಲ್ಲ ಪಾಠದಲ್ಲಿ ಇರುವುದಿಲ್ಲ. ಕ್ರಾವ್ ಮಗಾದಂಥ ಆತ್ಮರಕ್ಷಣಾ ಪದ್ಧತಿಗಳು ಇವನ್ನೆಲ್ಲ ಮುಟ್ಟುತ್ತವೆ, ಆದರೆ ಗುಣಮಟ್ಟ ಒಬ್ಬ ಶಿಕ್ಷಕರಿಂದ ಇನ್ನೊಬ್ಬರಿಗೆ ಅಜಗಜಾಂತರ. ಜೊತೆಗಾರ ಮರದ ಬೊಂಬೆಯಂತೆ ಕೈ ಚಾಚಿ ನಿಂತು, ನೀವು ಹನ್ನೆರಡು ಪೆಟ್ಟು ಹಾಕುವವರೆಗೆ ಕಾಯುವ ತರಗತಿಯಾದರೆ ಅದರ ಹೆಸರು ಏನಿದ್ದರೂ ಬೇಡ.

ಹಣ ಕೊಡುವ ಮೊದಲು ಒಂದು ಪೂರ್ತಿ ತರಗತಿಯನ್ನು ಬದಿಯಲ್ಲಿ ಕುಳಿತು ನೋಡಿ. ಬಿಡದಿದ್ದರೆ ಅಲ್ಲಿಂದ ಎದ್ದುಬನ್ನಿ. ನೋಡುವಾಗ ಮುಖ್ಯ ಶಿಕ್ಷಕರ ಚಮತ್ಕಾರಕ್ಕಿಂತ, ಹೊಸದಾಗಿ ಸೇರಿದ ಅತಿ ಹೆದರುವ ವ್ಯಕ್ತಿಯ ಜೊತೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಮುಟ್ಟುವ ಮೊದಲು ಕೇಳುತ್ತಾರೆಯೇ? ಜೊತೆಗಾರ ಸಾಕು ಎಂದು ಕೈ ತಟ್ಟಿದ ಕೂಡಲೇ ಹಿಡಿತ ಬಿಡುತ್ತದೆಯೇ? ವಿದ್ಯಾರ್ಥಿ ತಪ್ಪು ಮಾಡಿದಾಗ ನಗೆ ಏಳುತ್ತದೆಯೇ?

ಆಮೇಲೆ ಈ ಪ್ರಶ್ನೆಗಳನ್ನು ಕೇಳಿ:

1. ಮಾತಿನಿಂದ ತಣಿಸುವುದನ್ನು ಕಲಿಸುತ್ತೀರಾ? ಪೆಟ್ಟಿನ ಅಭ್ಯಾಸದ ಜೊತೆಗೇ ಕಲಿಸುತ್ತೀರಾ, ಬೇರೆಯಾಗಿಯೇ?
2. ನೀವೇ ಇಂಥ ಸನ್ನಿವೇಶಗಳನ್ನು ಕೆಲಸದಲ್ಲಿ ನಿಭಾಯಿಸಿದ್ದೀರಾ? ಎಲ್ಲಿ?
3. ಚಾಕು ಹಿಡಿದವನ ಎದುರು ಏನು ಮಾಡಬೇಕು?
4. ಬಲ ಬಳಸಿದ ಮೇಲೆ ಕಾನೂನು ಏನು ಕೇಳುತ್ತದೆ?
5. ಪ್ರಥಮ ಚಿಕಿತ್ಸೆ ಗೊತ್ತಿರುವವರು ತರಗತಿಯಲ್ಲಿ ಇರುತ್ತಾರೆಯೇ?

ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಬರುವುದು ತುರ್ತುಚಿಕಿತ್ಸಾ ವಿಭಾಗ, ಮಾನಸಿಕ ಆರೋಗ್ಯ ವಾರ್ಡ್, ಪೊಲೀಸ್, ಜೈಲು, ಭದ್ರತಾ ಸಿಬ್ಬಂದಿ, ಸಂತ್ರಸ್ತರ ಆಶ್ರಯತಾಣ ಇಂಥ ಕಡೆ ದುಡಿದವರಿಂದ. ಅವರ ಕಥೆಗಳಲ್ಲಿ ಹೊಡೆದಾಟ ಕಡಿಮೆ, ಹೊಡೆದಾಟ ಆಗದೆ ಮುಗಿದದ್ದು ಹೆಚ್ಚು. ಪದಕ ಗೆದ್ದವರು ಕೆಟ್ಟ ಶಿಕ್ಷಕರೆಂದಲ್ಲ. ರಿಂಗ್‌ನಲ್ಲಿ ಗೆದ್ದ ಅನುಭವವೇ ಬೇರೆ ಎನ್ನುವುದನ್ನು ಅವರು ತಾವಾಗಿ ಹೇಳಬೇಕು. ಮೂರನೆಯ ಪ್ರಶ್ನೆಗೆ "ಓಡಿ" ಎಂಬ ಮಾತು ಮೊದಲ ವಾಕ್ಯದಲ್ಲೇ ಬರದಿದ್ದರೆ ನನ್ನ ಮಟ್ಟಿಗೆ ಸಂದರ್ಶನ ಅಲ್ಲಿಗೆ ಮುಗಿಯಿತು.

ಉಳಿದ ಎಚ್ಚರಿಕೆಯ ಚಿಹ್ನೆಗಳು: "ಒಂದೇ ದಿನದಲ್ಲಿ ಯಾರನ್ನಾದರೂ ಉರುಳಿಸಬಹುದು" ಎಂಬ ಭರವಸೆ, ಮುಟ್ಟದೆಯೇ ಬೀಳಿಸುವ ಶಕ್ತಿಯ ಪ್ರದರ್ಶನ, ಬೇರೆ ಶಿಕ್ಷಕರ ಬಳಿ ಹೋಗಬಾರದೆಂಬ ನಿಯಮ, ದಾಳಿಗೆ ಒಳಗಾದವರದೇ ತಪ್ಪು ಎಂಬ ಧಾಟಿ, ಕಲಿಸುವ ನೆಪದಲ್ಲಿ ಬೇಡದ ಸ್ಪರ್ಶ. ಕೊನೆಯದಕ್ಕೆ ಎರಡನೆಯ ಅವಕಾಶವಿಲ್ಲ.

ತರಗತಿ ಎಷ್ಟು ಉದ್ದವಿರಬೇಕು? ಬೆಲ್ಟುಗಳ ಏಣಿ ಹತ್ತಲೇಬೇಕೆಂದಿಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರೊಡನೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪಾಯವನ್ನು ಗುರುತಿಸುವುದು, ಮಾತಿನಲ್ಲಿ ಪ್ರತಿರೋಧಿಸುವುದು ಮತ್ತು ದೈಹಿಕ ರಕ್ಷಣೆ ಮೂರನ್ನೂ ಸೇರಿಸಿದ 12 ಗಂಟೆಗಳ ತರಬೇತಿ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ 5.2 ಪ್ರತಿಶತ ಇತ್ತು; ಬರಿಯ ಮಾಹಿತಿ ಪತ್ರ ಪಡೆದವರಲ್ಲಿ 9.8 ಪ್ರತಿಶತ. ಅವಧಿ ಚಿಕ್ಕದಿದ್ದರೂ ನಡೆಯುತ್ತದೆ, ಆದರೆ ಆ ಮೂರೂ ಒಟ್ಟಿಗಿರಬೇಕು. ಒಂದೇ ಕಡೆ ಮೂರೂ ಸಿಗದಿದ್ದರೆ ಇಬ್ಬರು ಶಿಕ್ಷಕರನ್ನು ಹಿಡಿಯಿರಿ, ಐದನೆಯ ಹಂತದ ಅಭ್ಯಾಸವನ್ನು ಇಬ್ಬರಲ್ಲಿ ಒಬ್ಬರಾದರೂ ಮಾಡಿಸಲು ಒಪ್ಪಬೇಕು.

## ಹಂತ 3: ಗಮನ, ಅಂತರ, ಕಾಲು, ಕೈ

ಮೊದಲ ಕೆಲವು ವಾರ ಇಷ್ಟೇ ಸಾಕು. ಬೇಸರ ತರಿಸುವ ಹಂತ ಇದು. ಬಿಟ್ಟುಹೋಗುವವರು ಹೆಚ್ಚಾಗಿ ಇಲ್ಲೇ ಬಿಡುತ್ತಾರೆ.

ಗಮನ ಎಂದರೆ ಎಲ್ಲರನ್ನೂ ಅನುಮಾನಿಸುತ್ತ ನಡೆಯುವುದಲ್ಲ. ಒಳಗೆ ಕಾಲಿಟ್ಟ ಜಾಗದಲ್ಲಿ ಹೊರಹೋಗುವ ದಾರಿ ಎಲ್ಲಿದೆ ಎಂದು ಒಮ್ಮೆ ನೋಡುವುದು, ನಡೆಯುವಾಗ ಎರಡೂ ಕಿವಿಗೆ ಇಯರ್‌ಫೋನ್ ಹಾಕದಿರುವುದು, ಬಾಗಿಲು ತೆಗೆಯುವಾಗ ಮತ್ತು ವಾಹನ ಹತ್ತುವಾಗ ಮೊಬೈಲ್ ಜೇಬಿನಲ್ಲಿರುವುದು. ಅಷ್ಟಕ್ಕೇ ಬಹಳ ಬದಲಾವಣೆಯಾಗುತ್ತದೆ.

ಅಂತರವನ್ನು ಅಳತೆಯಾಗಿ ಕಲಿಯಿರಿ. ಅಪರಿಚಿತರು ಸಿಟ್ಟಿನಲ್ಲಿದ್ದರೆ ಕನಿಷ್ಠ ಎರಡು ತೋಳುದ್ದ. ಜೊತೆಗಾರ ನಿಧಾನವಾಗಿ ಹತ್ತಿರ ಬರಲಿ. ಆ ಗೆರೆಯನ್ನು ಅವನು ಮುಟ್ಟಿದ ಕ್ಷಣ ನೀವು ಓರೆಯಾಗಿ ಹಿಂದೆ ಸರಿಯಬೇಕು. ನೇರ ಹಿಂದಕ್ಕೆ ಹೋದರೆ ಗೋಡೆಗೋ ಕುರ್ಚಿಗೋ ತಾಗಿ ಬೀಳುತ್ತೀರಿ, ಅವನ ನುಗ್ಗುವಿಕೆಯೂ ನಿಲ್ಲುವುದಿಲ್ಲ. ಸರಿಯುವಾಗ ಬಾಗಿಲಿನ ಕಡೆಗೇ ಸರಿಯುವುದನ್ನು ರೂಢಿ ಮಾಡಿಕೊಳ್ಳಿ, ಮತ್ತು ಎದುರಿನವರಿಗೂ ಹೊರಹೋಗುವ ದಾರಿಯನ್ನು ಅಡ್ಡಗಟ್ಟಬೇಡಿ. ದಾರಿ ಕಾಣದ ಮನುಷ್ಯ ಹೊಡೆದೇ ದಾರಿ ಮಾಡಿಕೊಳ್ಳುತ್ತಾನೆ.

ಕೈಗಳು ಎದೆಯ ಮಟ್ಟದಲ್ಲಿ, ಅಂಗೈ ಹೊರಗೆ, ಬೆರಳು ಬಿಡಿಸಿ. ನೋಡುವವರಿಗೆ ಇದು "ಜಗಳ ಬೇಡ" ಎಂದು ಕಾಣುತ್ತದೆ, ನಿಮಗೆ ಮುಖವನ್ನು ಕಾಯುವ ಬೇಲಿಯಾಗುತ್ತದೆ. ಕೈ ಕಟ್ಟಿ ನಿಲ್ಲುವುದು, ಜೇಬಿಗೆ ಕೈ ಹಾಕುವುದು, ಸೊಂಟಕ್ಕೆ ಕೈ ಕೊಡುವುದು ಮೂರೂ ತಪ್ಪು. ನಿಮ್ಮ ಶಿಕ್ಷಕರು ಮುಂದಿನ ಎಲ್ಲ ಪೆಟ್ಟುಗಳನ್ನೂ ಬಿಡುಗಡೆಗಳನ್ನೂ ಈ ಭಂಗಿಯಿಂದಲೇ ಶುರುಮಾಡಿಸಬೇಕು. ಮುಷ್ಟಿ ಬಿಗಿದು ಗುಸ್ತಿಗೆ ನಿಂತ ಭಂಗಿಯಿಂದ ಮಾತ್ರ ಕಲಿಸುತ್ತಿದ್ದರೆ ಕಾರಣ ಕೇಳಿ.

## ಹಂತ 4: ಬಾಯಿಗೆ ತಾಲೀಮು

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ, ಆ ಮಾತನ್ನು ಅಭ್ಯಾಸ ಮಾಡುವವರು ಕಡಿಮೆ. ಎದೆ ಹೊಡೆದುಕೊಳ್ಳುವಾಗ ನೆನಪಿಗೆ ಬರುವುದು ನಾಲಿಗೆಗೆ ರೂಢಿಯಾದ ವಾಕ್ಯ ಮಾತ್ರ. ಆದ್ದರಿಂದ ವಾಕ್ಯಗಳನ್ನು ಬರೆದು, ಜೋರಾಗಿ ಹೇಳಿ, ಜೊತೆಗಾರನ ಎದುರು ನಿಂತು ಹೇಳಿ ಕಲಿಯಬೇಕು.

ಸಿಟ್ಟಿನ ಜಗಳಕ್ಕೆ ಕ್ರಮ ಹೀಗೆ:

ಉಸಿರು ಬಿಡಿ. ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಬಿಡುವುದು ಮುಖ್ಯ. ಅದು ನಿಮ್ಮ ದನಿಯನ್ನು ಕೆಳಗಿಳಿಸುತ್ತದೆ.

ಅವರು ಮೊದಲು ಖಾಲಿಯಾಗಲಿ. ಅಡ್ಡಬಾಯಿ ಹಾಕಬೇಡಿ. ಬೈಗುಳದ ಮೊದಲ ಅಲೆ ತಾನಾಗಿ ಇಳಿಯುವವರೆಗೆ ತಲೆಯಾಡಿಸುತ್ತ ನಿಲ್ಲಿ. ಹೊಸಬರು ಸೋಲುವುದೇ ಇಲ್ಲಿ. ತಾನು ಸರಿ ಎಂದು ವಿವರಿಸಲು ಶುರುಮಾಡುತ್ತಾರೆ. ರೇಗಿದ ಕಿವಿಗೆ ವಿವರಣೆ ಕೇಳಿಸುವುದಿಲ್ಲ.

ಅವರ ದೂರನ್ನು ಅವರಿಗೇ ಹಿಂದಿರುಗಿಸಿ. "ಎರಡು ಗಂಟೆ ಕಾಯಿಸಿದ್ದಾರೆ, ಆಮೇಲೆ ನಾಳೆ ಬನ್ನಿ ಎಂದಿದ್ದಾರೆ. ಸಿಟ್ಟು ಬರುವುದು ಸಹಜ." ಇದರಲ್ಲಿ ನೀವು ತಪ್ಪೊಪ್ಪಿಕೊಂಡಿಲ್ಲ, ಆದರೆ ಅವರು ಇನ್ನೊಮ್ಮೆ ಕೂಗಿ ಹೇಳುವ ಅಗತ್ಯ ಕಡಿಮೆಯಾಗುತ್ತದೆ.

ಎರಡು ಆಯ್ಕೆ ಕೊಡಿ, ಎರಡೂ ನಿಮಗೆ ಒಪ್ಪಿಗೆಯಾಗುವಂಥವು. "ಇಲ್ಲೇ ಕುಳಿತು ಬರೆದುಕೊಡಬಹುದು, ಇಲ್ಲವೇ ಹಿರಿಯ ಅಧಿಕಾರಿಯನ್ನು ಕರೆಯುತ್ತೇನೆ. ನಿಮಗೆ ಯಾವುದು ಅನುಕೂಲ?" ಆಯ್ಕೆ ಅವರ ಕೈಯಲ್ಲಿದ್ದಾಗ ಮರ್ಯಾದೆಯೂ ಅವರ ಕೈಯಲ್ಲೇ ಇರುತ್ತದೆ.

ಗಡಿ ಹೇಳಿ, ಹೊರಡಿ. "ನಿಮ್ಮ ಮಾತು ಕೇಳಲು ಸಿದ್ಧನಿದ್ದೇನೆ. ಕೈ ಎತ್ತಿದರೆ ನಾನು ಇಲ್ಲಿಂದ ಹೋಗುತ್ತೇನೆ." ಹೇಳಿದ್ದನ್ನು ಮಾಡದಿದ್ದರೆ ಮುಂದಿನ ಮಾತಿಗೆ ಬೆಲೆಯಿಲ್ಲ.

ಬೆಂಕಿಗೆ ತುಪ್ಪ ಸುರಿಯುವ ವಾಕ್ಯಗಳನ್ನೂ ಬರೆದಿಟ್ಟುಕೊಳ್ಳಿ. "ಸ್ವಲ್ಪ ಸಮಾಧಾನ ಮಾಡಿಕೊಳ್ಳಿ", "ನಾನು ಯಾರು ಗೊತ್ತೇ?", "ತಾಕತ್ತಿದ್ದರೆ ಮುಟ್ಟಿ ನೋಡಿ", "ಅದಕ್ಕೆ ಇಷ್ಟೊಂದು ಕೂಗುವುದೇಕೆ?" ಬೆರಳು ತೋರಿಸುವುದು, ಮುಖಕ್ಕೆ ಮೊಬೈಲ್ ಹಿಡಿದು ಚಿತ್ರೀಕರಿಸುವುದು, ಗಹಗಹಿಸಿ ನಗುವುದು ಇವೂ ಮಾತುಗಳೇ. ಅವರು ಏಕವಚನಕ್ಕೆ ಇಳಿದರೂ ನೀವು ಬಹುವಚನ ಬಿಡಬೇಡಿ. ಸುತ್ತ ಜನ ಸೇರಿದ್ದರೆ ಸೋಲೊಪ್ಪುವುದು ಅವರಿಗೆ ಇನ್ನೂ ಕಷ್ಟ. "ಈ ಕಡೆ ಬನ್ನಿ, ಮಾತನಾಡೋಣ" ಎಂದು ನೆರೆದವರಿಂದ ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೆಯಿರಿ, ಆದರೆ ಯಾರಿಗೂ ಕಾಣದ ಮೂಲೆಗೆ ಬೇಡ.

ಕುಡಿದವರೊಡನೆ ವಾಕ್ಯ ಚಿಕ್ಕದಿರಲಿ, ಅದನ್ನೇ ಮತ್ತೆ ಮತ್ತೆ ಹೇಳಿ, ತರ್ಕ ಬೇಡ. ಮಾನಸಿಕ ತಲ್ಲಣದಲ್ಲಿದ್ದು ಇಲ್ಲದ್ದನ್ನು ಕಾಣುತ್ತಿರುವವರೊಡನೆ ನಿಮ್ಮ ಕಡೆಯಿಂದ ಒಬ್ಬರು ಮಾತ್ರ ಮಾತನಾಡಬೇಕು. ಅವರಿಗೆ ಕಂಡದ್ದು ಸುಳ್ಳೆಂದು ವಾದಿಸಬೇಡಿ, ಮುಟ್ಟಬೇಡಿ, ಗದ್ದಲ ಕಡಿಮೆ ಮಾಡಿ, ವೈದ್ಯಕೀಯ ನೆರವು ಕರೆಸಿ.

ಬೇಟೆಯ ಸನ್ನಿವೇಶಕ್ಕೆ ದನಿಯೇ ಬೇರೆ. ಅಲ್ಲಿ ಸಹಾನುಭೂತಿ ಬೇಡ, ವಿವರಣೆ ಬೇಡ, ಮುಗುಳ್ನಗೆ ಬೇಡ. "ಬೇಡ." "ಅಲ್ಲೇ ನಿಲ್ಲಿ." "ನನ್ನ ಹಿಂದೆ ಬರಬೇಡಿ." ಹೊಟ್ಟೆಯಿಂದ ಎದ್ದುಬರುವ ಗಟ್ಟಿ ದನಿ, ಒಂದೇ ವಾಕ್ಯ, ಅದರ ಪುನರಾವರ್ತನೆ. ಕಾರಣ ಕೊಟ್ಟರೆ ಅದನ್ನು ಖಂಡಿಸುತ್ತ ಹತ್ತಿರ ಬರುತ್ತಾರೆ. ಗುರುತಿರುವವರ ಮುಂದೆ ಈ ದನಿ ತೆಗೆಯುವುದು ಅಪರಿಚಿತರ ಮುಂದೆ ತೆಗೆಯುವುದಕ್ಕಿಂತ ಕಷ್ಟ. ಒಳ್ಳೆಯ ಶಿಕ್ಷಕರು ಇದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸುತ್ತಾರೆ: ಜೊತೆಗಾರ ನಗುನಗುತ್ತ "ಯಾಕೆ, ನನ್ನ ಮೇಲೆ ನಂಬಿಕೆ ಇಲ್ಲವೇ?" ಎನ್ನುತ್ತಾನೆ, ನೀವು "ಇಲ್ಲ" ಎಂದಷ್ಟೇ ಹೇಳಿ ಎದ್ದು ನಡೆಯಬೇಕು. ಸಭ್ಯರಾಗಿ ಬೆಳೆದವರಿಗೆ ಇದು ಗುದ್ದುವುದಕ್ಕಿಂತ ಕಠಿಣ ಪಾಠ.

ಒಂದು ತಾಲೀಮನ್ನು ಶಿಕ್ಷಕರಿಂದ ಕೇಳಿ ಮಾಡಿಸಿಕೊಳ್ಳಿ. ಯಾವ ಬೈಗುಳ ಕೇಳಿದರೆ ನಿಮ್ಮ ರಕ್ತ ಕುದಿಯುತ್ತದೆಯೋ ಅದನ್ನು ಚೀಟಿಯಲ್ಲಿ ಬರೆದುಕೊಡಿ. ಜೊತೆಗಾರ ಎರಡು ನಿಮಿಷ ಅದನ್ನೇ ಬಳಸಿ ಬೈಯಲಿ. ನೀವು ಕೈ, ದನಿ, ಅಂತರ ಮೂರನ್ನೂ ಕಾಯ್ದುಕೊಳ್ಳಬೇಕು. ದನಿ ಸರಿಯಿದ್ದಾಗಲೂ ಕಾಲು ತಾನಾಗಿ ಮುಂದೆ ಹೋಗುತ್ತಿರುತ್ತದೆ. ಅದನ್ನು ಹೊರಗಿನ ಕಣ್ಣೇ ಹಿಡಿಯಬೇಕು.

## ಹಂತ 5: ಮಾತು ನಿಲ್ಲಿಸುವ ಗೆರೆ

ಎಲ್ಲರೂ ಎಡವುವ ಜಾಗ ಇದೇ. ಹೆಚ್ಚು ಸಮಯ ಇಲ್ಲಿಗೆ ಕೊಡಿ.

ಗೆರೆಯನ್ನು ಆ ಹೊತ್ತಿನಲ್ಲಿ ಯೋಚಿಸಿ ಎಳೆಯಲು ಆಗುವುದಿಲ್ಲ, ಮೊದಲೇ ಎಳೆದಿಟ್ಟಿರಬೇಕು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: "ಅಲ್ಲೇ ನಿಲ್ಲಿ" ಎಂದ ಮೇಲೂ ಎರಡು ತೋಳುದ್ದದ ಒಳಗೆ ಬಂದರೆ, ಆಯುಧ ಕಂಡರೆ, ಬೇರೆ ಜಾಗಕ್ಕೆ ಕರೆದೊಯ್ಯಲು ಅಥವಾ ವಾಹನ ಹತ್ತಿಸಲು ನೋಡಿದರೆ, ಎದುರಿನವನ ಕಡೆಯವರು ನಿಮ್ಮ ಬೆನ್ನ ಹಿಂದೆ ಸುತ್ತುವರಿದರೆ, ಮಾತು ಮುಗಿಯಿತು. ಕೇಳಿದ್ದು ಹಣವೋ ಮೊಬೈಲೋ ಆದರೆ ಕೊಟ್ಟುಬಿಡಿ; ಕೈಗೆ ಕೊಡುವ ಬದಲು ಪಕ್ಕಕ್ಕೆ ಎಸೆದು ವಿರುದ್ಧ ದಿಕ್ಕಿಗೆ ಓಡಿ.

ಗೆರೆ ದಾಟುವ ಮೊದಲೇ ದೇಹ ಸುಳಿವು ಕೊಡುತ್ತದೆ. ಕೂಗುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾಗುವುದು. ದವಡೆ, ಮುಷ್ಟಿ ಬಿಗಿಯುವುದು. ಒಂದು ಕಾಲು ಹಿಂದೆ ಹೋಗಿ ದೇಹ ಓರೆಯಾಗುವುದು. ಸಾಕ್ಷಿಗಳಿದ್ದಾರೆಯೇ ಎಂದು ಅತ್ತಿತ್ತ ನೋಡುವುದು, ನಿಮ್ಮ ಗಲ್ಲದ ಮೇಲೋ ಚೀಲದ ಮೇಲೋ ಕಣ್ಣು ಹಾಯಿಸುವುದು. ಅಂಗಿಯನ್ನೋ ಕನ್ನಡಕವನ್ನೋ ತೆಗೆಯುವುದು. ಒಂದು ಕೈ ಸೊಂಟದ ಹತ್ತಿರ ಮರೆಯಾಗಿಯೇ ಉಳಿಯುವುದು. ಒಂದೇ ಸುಳಿವಿನಿಂದ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಒಟ್ಟಿಗೆ ಬಂದರೆ ಕಾಯಬೇಡಿ. ಮೌನವನ್ನು ಶಾಂತಿ ಎಂದು ತಿಳಿಯುವುದು ಇಲ್ಲಿನ ಅತಿ ದೊಡ್ಡ ತಪ್ಪು.

ದೂರ ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ 1983ರಲ್ಲಿ ಬರೆದಂತೆ, ಸಾಧಾರಣ ದೇಹಶಕ್ತಿಯ ವಯಸ್ಕ 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಅದು ಬಂದೂಕು ಹಿಡಿದ ಪೊಲೀಸರಿಗೆ ಮಾಡಿದ ಲೆಕ್ಕ, ಎಲ್ಲ ಸನ್ನಿವೇಶಕ್ಕೂ ನಿಯಮವಲ್ಲ. ಆದರೂ ರಬ್ಬರ್ ಚಾಕು ಕೊಟ್ಟು ಜೊತೆಗಾರನನ್ನು ಓಡಿಸಿ ನೋಡಿ. ಚಾಕು ಕಸಿಯುವ ವರಸೆಗಳ ಬಗ್ಗೆ ಇದ್ದ ಭ್ರಮೆ ಅಲ್ಲಿಗೆ ಕಳಚುತ್ತದೆ.

ಈಗ ಮುಖ್ಯ ತಾಲೀಮು. ಜೊತೆಗಾರ ಬೈಯುತ್ತ ಬರುತ್ತಾನೆ. ಅವನು ಮುಂದೆ ಏನು ಮಾಡುತ್ತಾನೆಂಬುದು ಶಿಕ್ಷಕರಿಗೆ ಮತ್ತು ಅವನಿಗೆ ಮಾತ್ರ ಗೊತ್ತು: ಒಮ್ಮೆ ತಣ್ಣಗಾಗುತ್ತಾನೆ, ಒಮ್ಮೆ ಬೈಯುತ್ತಲೇ ಹೊರಟುಹೋಗುತ್ತಾನೆ, ಒಮ್ಮೆ ಕೊರಳಪಟ್ಟಿ ಹಿಡಿಯುತ್ತಾನೆ, ಒಮ್ಮೆ ರಬ್ಬರ್ ಚಾಕು ತೆಗೆಯುತ್ತಾನೆ. ಆಯಾ ಸಲಕ್ಕೆ ತಕ್ಕದ್ದನ್ನು ನೀವು ಮಾಡಬೇಕು. ಸುಮಾರು ಅರ್ಧದಷ್ಟು ಸಲ ಹೊಡೆತವಿಲ್ಲದೆಯೇ ಮುಗಿಯಬೇಕು. ಹೊರಟುಹೋಗುತ್ತಿದ್ದವನ ಬೆನ್ನಿಗೆ ಒಂದು ಮಾತು ಎಸೆದಿರೋ, ನೀವು ಸೋತಿರಿ. ಚಾಕು ಕಂಡ ಮೇಲೂ ಅರ್ಧ ವಾಕ್ಯವನ್ನು ಪೂರ್ತಿ ಮಾಡಲು ನಿಂತಿರೋ, ಆಗಲೂ ಸೋತಿರಿ. ಆರನೆಯ ಹಂತ ಕಲಿತ ಮೇಲೆ ಇದಕ್ಕೇ ಹಿಂದಿರುಗಿ, ಪೆಟ್ಟುಗಳನ್ನು ಸೇರಿಸಿ ಮತ್ತೆ ಮಾಡಬೇಕು.

ಕಾನೂನನ್ನು ಇಲ್ಲೇ ಕಲಿಯಿರಿ. ಬೇರೆ ಬೇರೆ ದೇಶಗಳ ಕಾನೂನಿನ ವಿವರ ಬೇರೆಯಾದರೂ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ: ಅಪಾಯ ಆ ಕ್ಷಣದ್ದೇ? ಬಳಸಿದ ಬಲ ಅಪಾಯಕ್ಕೆ ತಕ್ಕಷ್ಟೇ? ಅಪಾಯ ತೀರಿದ ಕೂಡಲೇ ನಿಲ್ಲಿಸಿದಿರಾ? ಬಿದ್ದವನಿಗೆ ಇನ್ನೊಂದು ಒದೆ ಕೊಡುವಂತೆ ಕಲಿಸುವ ಶಿಕ್ಷಕರು ನಿಮ್ಮನ್ನು ಜೈಲಿಗೆ ತಯಾರು ಮಾಡುತ್ತಿದ್ದಾರೆ. ನಿಮ್ಮಲ್ಲಿನ ಕಾನೂನನ್ನು ವಕೀಲರಿಂದ ಒಮ್ಮೆ ಕೇಳಿ ತಿಳಿದುಕೊಳ್ಳಿ.

## ಹಂತ 6: ಕೆಲವೇ ಪೆಟ್ಟು, ಕೆಲವೇ ಬಿಡುಗಡೆ

ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ನಿಧಾನವಾಗುತ್ತದೆ. ಜೊತೆಗೆ, ಭಯದಲ್ಲಿ ಬೆರಳುಗಳ ಸೂಕ್ಷ್ಮ ಕೆಲಸ ಕೆಡುತ್ತದೆ, ನೋಟ ಕಿರಿದಾಗುತ್ತದೆ, ಕೆಲವೊಮ್ಮೆ ಸದ್ದೂ ಕೇಳಿಸುವುದಿಲ್ಲ. ಮಣಿಕಟ್ಟು ತಿರುಗಿಸಿ ಬೆರಳು ಮಡಚುವ ಚಂದದ ಪಟ್ಟುಗಳು ಆಗ ನೆನಪಾಗುವುದಿಲ್ಲ. ಒರಟಾದ, ದೊಡ್ಡ ಚಲನೆಗಳೇ ಉಳಿಯುತ್ತವೆ.

ಅಂಗೈಯ ಬುಡದಿಂದ ಮುಖಕ್ಕೆ ಪೆಟ್ಟು, ಮೊಣಕೈ, ತೊಡೆಸಂದಿಗೆ ಮೊಣಕಾಲು, ಮೊಣಕಾಲಿನ ಕೆಳಗೆ ಒದೆತ. ಮುಷ್ಟಿಯನ್ನು ಈ ಪಟ್ಟಿಯಲ್ಲಿ ಸೇರಿಸದಿರುವುದಕ್ಕೆ ಕಾರಣವಿದೆ: ಪಟ್ಟಿ, ಗ್ಲೌಸ್ ಇಲ್ಲದ ಮುಷ್ಟಿ ತಲೆಬುರುಡೆಗೆ ತಾಗಿದರೆ ಕಿರುಬೆರಳಿನ ಬುಡದ ಮೂಳೆ ಮುರಿಯುವುದು ಸಾಮಾನ್ಯ. ಬಿಡುಗಡೆಗಳಲ್ಲಿ ಮಣಿಕಟ್ಟು ಹಿಡಿದಾಗ ಹಿಡಿದವನ ಹೆಬ್ಬೆರಳಿನ ಕಡೆಯಿಂದ ಎಳೆದುಕೊಳ್ಳುವುದು, ಮುಂದಿನಿಂದ ಮತ್ತು ಹಿಂದಿನಿಂದ ಕತ್ತು ಹಿಡಿದಾಗ ಬಿಡಿಸಿಕೊಳ್ಳುವುದು, ಕೂದಲು ಹಿಡಿದಾಗಿನದು, ಮತ್ತು ನೆಲಕ್ಕೆ ಬಿದ್ದಾಗ ತಲೆ ಕಾಯ್ದುಕೊಂಡು ಏಳುವುದು. ಕತ್ತಿನ ಬಿಡುಗಡೆಗೆ ಮೊದಲ ಸ್ಥಾನ ಕೊಡಿ. ಕತ್ತಿನ ರಕ್ತನಾಳಗಳೆರಡೂ ಪೂರ್ತಿ ಅಮುಕಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪುತ್ತದೆ.

ಪ್ರತಿಯೊಂದನ್ನೂ ಮೊದಲು ನಿಧಾನವಾಗಿ, ಆಮೇಲೆ ಪ್ಯಾಡ್ ಮೇಲೆ ಪೂರ್ಣ ಬಲದಿಂದ, ಆಮೇಲೆ ವಿರೋಧಿಸುವ ಜೊತೆಗಾರನ ಮೇಲೆ ಮಾಡಿ. ಪ್ರತಿ ಆವರ್ತನವೂ ಬಾಗಿಲಿನತ್ತ ಓಡುವುದರಲ್ಲಿ ಮುಗಿಯಬೇಕು. ಹೊಡೆದು ಅಲ್ಲೇ ನಿಂತು ಮೆಚ್ಚುಗೆಗೆ ಕಾಯುವ ಅಭ್ಯಾಸ ದೇಹಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

## ಹಂತ 7: ಒತ್ತಡದಲ್ಲಿ ಪರೀಕ್ಷೆ

ಹಂತ 1ರಲ್ಲಿ ಬರೆದ ಮೂರು ಸನ್ನಿವೇಶಗಳನ್ನು ಈಗ ಶಿಕ್ಷಕರಿಗೆ ಕೊಡಿ. ದಪ್ಪ ರಕ್ಷಾಕವಚ ಧರಿಸಿದ ತರಬೇತುದಾರ ದಾಳಿಕೋರನ ಪಾತ್ರ ಮಾಡುತ್ತಾನೆ. ನೀವು ನಿತ್ಯದ ಬಟ್ಟೆಯಲ್ಲಿ, ಚೀಲದೊಂದಿಗೆ, ಶುರುವಿನಿಂದ ಕೊನೆಯವರೆಗೆ ನಡೆಸಿಕೊಡಬೇಕು: ಮಾತು, ಗಡಿ, ಹೆಜ್ಜೆ, ಬೇಕಾದರೆ ಪೆಟ್ಟು, ಓಟ, ನೆರವಿಗೆ ಕರೆ.

ಸುರಕ್ಷತೆಯ ನಿಯಮಗಳಲ್ಲಿ ರಾಜಿ ಇಲ್ಲ. ಎಲ್ಲವನ್ನೂ ನಿಲ್ಲಿಸುವ ಒಂದು ಪದ ಮೊದಲೇ ಗೊತ್ತಾಗಿರಬೇಕು. ನಿಜವಾದ ಆಯುಧ ಕೋಣೆಯೊಳಗೇ ಇರಬಾರದು. ಶುರುವಾಗುವ ಮೊದಲು ಅದನ್ನು ಇಬ್ಬರು ಪರೀಕ್ಷಿಸಬೇಕು. ಬದಿಯಲ್ಲಿ ನಿಂತು ನೋಡುವ, ಆಟದಲ್ಲಿಲ್ಲದ ಒಬ್ಬ ಶಿಕ್ಷಕರಿರಬೇಕು.

ತಲೆಗೆ ಪೆಟ್ಟು ಬಿದ್ದು ತಲೆನೋವು, ತಲೆಸುತ್ತು, ಮಂಕು ಕಂಡರೆ ಆ ದಿನದ ಅಭ್ಯಾಸ ಮುಗಿಯಿತು, "ಪರವಾಗಿಲ್ಲ" ಎಂದರೂ ಮುಗಿಯಿತು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ತೊದಲು ಮಾತು, ಸೆಳವು ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆ.

ಹೆಪ್ಪುಗಟ್ಟಿ ನಿಂತುಬಿಟ್ಟರೆ ಅದು ಹೇಡಿತನವಲ್ಲ, ದೇಹದ ಸಹಜ ಪ್ರತಿಕ್ರಿಯೆ. ಒಳ್ಳೆಯ ಶಿಕ್ಷಕರು ಆಗ ಒತ್ತಡವನ್ನು ಒಂದು ಮೆಟ್ಟಿಲು ಇಳಿಸಿ, ಉಸಿರು ಬಿಡಿಸಿ, ಅದೇ ಸನ್ನಿವೇಶವನ್ನು ಗೆಲ್ಲುವಂತೆ ಮತ್ತೆ ನಡೆಸುತ್ತಾರೆ. ಸೋಲಿನ ಮೇಲೆ ತರಗತಿ ಮುಗಿಸುವುದಿಲ್ಲ. ಹಿಂದೆ ದಾಳಿಗೆ ಒಳಗಾದವರು ಈ ಹಂತಕ್ಕೆ ಬರುವ ಮೊದಲು ಶಿಕ್ಷಕರೊಡನೆ ಏಕಾಂತದಲ್ಲಿ ಮಾತನಾಡಿ, ಯಾವ ಹಿಡಿತ, ಯಾವ ಮಾತು ಬೇಡ ಎಂದು ತಿಳಿಸಬೇಕು. ಬೇಕಿದ್ದರೆ ಆಪ್ತಸಮಾಲೋಚಕರ ನೆರವಿನೊಂದಿಗೆ ಬರಬೇಕು. ಬಾರದೆ ಇರುವ ಹಕ್ಕೂ ಅವರಿಗಿದೆ.

## ಹಂತ 8: ಘಟನೆಯ ನಂತರದ ಪಾಠ

ಇದನ್ನು ಕಲಿಸುವವರು ಬೆರಳೆಣಿಕೆಯಷ್ಟು. ಕೇಳಿ ಕಲಿಯಿರಿ.

ನಿಜವಾದ ಘಟನೆ ನಡೆದರೆ ಮೊದಲು ಬೆಳಕಿರುವ, ಜನರಿರುವ ಕಡೆಗೆ ಹೋಗಿ. ಆಮೇಲೆ ಪೊಲೀಸರಿಗೆ ನೀವೇ ಕರೆ ಮಾಡಿ. ಎಲ್ಲಿದ್ದೀರಿ, ಯಾರಿಗೆ ಗಾಯವಾಗಿದೆ, ದಾಳಿಕೋರ ಯಾವ ಕಡೆ ಹೋದ ಎಂಬ ಕ್ರಮದಲ್ಲಿ ಹೇಳಿ. ತಲೆಯಿಂದ ಕಾಲಿನವರೆಗೆ ಕೈಯಾಡಿಸಿ ನೋಡಿಕೊಳ್ಳಿ, ಚಾಕುವಿನ ಗಾಯ ಆ ಹೊತ್ತಿನಲ್ಲಿ ನೋಯದೇ ಇರಬಹುದು. ಯಾರಾದರೂ ಕತ್ತು ಹಿಸುಕಿದ್ದರೆ ಹೊರಗೆ ಗುರುತು ಕಾಣದಿದ್ದರೂ ಅದೇ ದಿನ ವೈದ್ಯರನ್ನು ಕಾಣಬೇಕು. ಒಳಗಿನ ಊತ, ರಕ್ತನಾಳದ ಗಾಯ ತಡವಾಗಿ ಅಪಾಯ ತರಬಲ್ಲವು. ದನಿ ಬದಲಾಗುವುದು, ನುಂಗಲು ಕಷ್ಟವಾಗುವುದು ಎಚ್ಚರಿಕೆಯ ಗಂಟೆ.

ನಡುಕ, ವಾಕರಿಕೆ, ಅಳು, ವಿನಾಕಾರಣ ನಗು ಬರುತ್ತವೆ. ಘಟನೆಯ ಕ್ರಮವೂ ಹಿಂದುಮುಂದಾಗಿ ನೆನಪಾಗುತ್ತದೆ. ಕಂಡದ್ದನ್ನು ಆದಷ್ಟು ಬೇಗ ಬರೆದಿಡಿ, ಬಟ್ಟೆ ಒಗೆಯಬೇಡಿ, ಗಾಯಗಳ ಚಿತ್ರ ತೆಗೆದಿಡಿ, ಅಧಿಕೃತ ಹೇಳಿಕೆಗೆ ಮೊದಲು ವಕೀಲರ ಸಲಹೆ ಪಡೆಯಿರಿ. ನಿದ್ದೆಗೇಡು, ಮತ್ತೆ ಮತ್ತೆ ಕಣ್ಣಮುಂದೆ ಬರುವ ದೃಶ್ಯ ಕೆಲವು ವಾರಗಳಾದರೂ ತಗ್ಗದಿದ್ದರೆ ಮನೋವೈದ್ಯರನ್ನು ಕಾಣಿ.

ಏನೂ ನಡೆಯದಿದ್ದರೂ ಕಲಿತದ್ದು ತುಕ್ಕು ಹಿಡಿಯುತ್ತದೆ. ಪೆಟ್ಟುಗಳು ನಿಧಾನವಾಗಿ ಮರೆಯುತ್ತವೆ, ಗಡಿಯ ದನಿ ಬೇಗ ಮರೆಯುತ್ತದೆ. ತಿಂಗಳಿಗೊಮ್ಮೆಯಾದರೂ ಹಂತ 5ರ ತಾಲೀಮಿಗೆ ಹೋಗಿ. ಕೆಲಸ, ಮನೆ ಅಥವಾ ಓಡಾಡುವ ಹೊತ್ತು ಬದಲಾದಾಗ ನೋಟ್‌ಬುಕ್ಕಿನ ಮೊದಲ ಪುಟವನ್ನು ಹೊಸದಾಗಿ ಬರೆದು ಶಿಕ್ಷಕರಿಗೆ ತೋರಿಸಿ. ಹೊಸ ಸನ್ನಿವೇಶಗಳನ್ನು ನೋಡಿದ ಮೇಲೂ ಹಳೆಯ ಪಾಠವನ್ನೇ ಹಾಗೆಯೇ ಮಾಡಿಸುವ ಶಿಕ್ಷಕರಾದರೆ, ಹಂತ 2ಕ್ಕೆ ಹಿಂದಿರುಗಿ ಬೇರೊಬ್ಬರನ್ನು ಹುಡುಕಿ.